ಕೇಳಿದ ಹಾಗೇ ಬರೆಯುವುದು

ಕ್ಯಾಸೆಟ್ಟಿನ ಹುಡುಗಿ ಮಾತಿಗೆ ಮೊದಲು ಒಮ್ಮೆ ಕೆಮ್ಮಿದಳು. ಆ ಕೆಮ್ಮು ಸೋಮನಾಥನಿಗೆ ಗೊತ್ತಿತ್ತು. ಏನಾದರೂ ಕೇಳಬೇಕಾದಾಗ, ಇಲ್ಲವೇ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿಸಿಕೊಳ್ಳಬೇಕಾದಾಗ ಬಾಗಿಲ ಹತ್ತಿರ ನಿಂತು ಅವನ ಹತ್ತು ವರ್ಷದ ಮಗಳು ಜ್ಯೋತ್ಸ್ನಾ ಕೆಮ್ಮುತ್ತಿದ್ದುದು ಹೀಗೆಯೇ. ಅವನು ಟೇಪನ್ನು ನಿಲ್ಲಿಸಿದ. ಜಯನಗರ ನಾಲ್ಕನೇ ಬ್ಲಾಕಿನ ಆ ಅಧ್ಯಯನ ಕೇಂದ್ರದ ಮಹಡಿಯ ಕೋಣೆಯಲ್ಲಿ ಶನಿವಾರದ ಮಧ್ಯಾಹ್ನ ಅವನ ಹೊರತು ಯಾರೂ ಇರಲಿಲ್ಲ. ಕಾಂಪ್ಲೆಕ್ಸಿನ ಕಡೆಯಿಂದ ಹೂವು ಮಾರುವವರ ಕೂಗು ಕಿಟಕಿಯವರೆಗೆ ಬಂದು ಹೋಗುತ್ತಿತ್ತು. ಇದು ಅಕಸ್ಮಾತ್ತಾಗಿ ಆದದ್ದು ಎಂದುಕೊಳ್ಳಲು ನೋಡಿದ, ಆಗಲಿಲ್ಲ. ಬೀರುವಿನಲ್ಲಿ ಎರಡು ಸಾಲುಗಳಿದ್ದವು. ಎಡಗಡೆಯವು ಬನಶಂಕರಿಯ, ಬಿ.ಟಿ.ಎಂ.ನ ಶಾಲೆಗಳ ಕ್ಯಾಸೆಟ್ಟುಗಳು, ಅವನು ಬರೆಯಬೇಕಾದವು. ಬಲಗಡೆಯವು ಪದ್ಮನಾಭನಗರದ ಶಾಲೆಯವು, ಅವನು ಮುಟ್ಟಬಾರದವು. ನಿಮ್ಮ ಮಗಳು ಅಲ್ಲೇ ಓದ್ತಾಳಲ್ಲ, ಅವನ್ನ ಬೇರೆಯವರು ಬರೀತಾರೆ ಎಂದು ಅಧ್ಯಯನ ನಡೆಸುತ್ತಿದ್ದ ಮಧುಮತಿ ಮೇಡಂ ಮೊದಲ ದಿನವೇ ಹೇಳಿದ್ದರು. ಈ ವಾರ ಅವರು ಧಾರವಾಡಕ್ಕೆ ಹೋಗಿದ್ದರು. ಆಫೀಸು ನೋಡಿಕೊಳ್ಳುವ ಮೀನಾಕ್ಷಮ್ಮ ಬೀರುವಿನ ಬೀಗದ ಕೈ ಮೇಜಿನ ಮೇಲಿಟ್ಟು, ಬೇಕಾದ್ದು ನೀವೇ ತಗೊಳ್ಳಿ ಸಾರ್ ಎಂದು ಊಟಕ್ಕೆ ಹೋಗಿದ್ದರು. ಅವನ ಕೈ ಮೊದಲು ಎಡಗಡೆಗೇ ಹೋಗಿತ್ತು. ಆಮೇಲೆ ಬಲಗಡೆಗೆ ಹೋಯಿತು. ಮೂವತ್ತೊಂದು ಎಂದು ನಂಬರು ಬರೆದಿದ್ದ ಈ ಕ್ಯಾಸೆಟ್ಟು ಅವನ ಕೈಗೆ ಸಿಕ್ಕ ಮೊದಲನೆಯದೂ ಅಲ್ಲ. ಇದಕ್ಕೆ ಮುಂಚೆ ಮೂರನ್ನು ಹಾಕಿ, ಬೇರೆ ಮಕ್ಕಳ ದನಿ ಬಂದ ಕೂಡಲೇ ತೆಗೆದಿಟ್ಟಿದ್ದ. ಹುಡುಕಿದ್ದ.

ಹನುಮಂತನಗರದ ಪ್ರೆಸ್ಸೊಂದರಲ್ಲಿ ಹದಿನಾರು ವರ್ಷಗಳಿಂದ ಪ್ರೂಫ್ ತಿದ್ದುತ್ತಿದ್ದ ಸೋಮನಾಥನಿಗೆ ಈ ಶನಿವಾರ, ಭಾನುವಾರದ ಕೆಲಸ ಮೊದಮೊದಲು ಕೈ ಕಟ್ಟಿಹಾಕಿದಂತೆ ಆಗಿತ್ತು. ಒಂಬತ್ತರಿಂದ ಹನ್ನೊಂದು ವರ್ಷದ ಮಕ್ಕಳು ತಮ್ಮ ಮನೆಯ ಬಗ್ಗೆ ಹೇಳಿದ್ದನ್ನು ಕೇಳಿದ ಹಾಗೇ ಬರೆಯಬೇಕು, ಒಂದಕ್ಷರವನ್ನೂ ತಿದ್ದಬಾರದು. ಮಗು ‘ಆಲು’ ಎಂದರೆ ‘ಆಲು’ ಎಂದೇ ಬರೆಯಬೇಕು, ‘ಹಾಲು’ ಎನ್ನಬಾರದು. ಪ್ರತಿ ಕ್ಯಾಸೆಟ್ಟಿನ ಶುರುವಿನಲ್ಲೂ ಮಧುಮತಿಯವರ ಮೆತ್ತಗಿನ ದನಿ ಒಂದೇ ಮಾತು ಹೇಳುತ್ತಿತ್ತು: ನೀನು ಹೇಳಿದ್ದು ನನಗೆ ಮಾತ್ರ ಗೊತ್ತಿರತ್ತೆ ಪುಟ್ಟ, ಮನೇಲಿ ಹೇಳಲ್ಲ, ಟೀಚರಿಗೂ ಹೇಳಲ್ಲ. ಅದು ಬಂದಾಗಲೆಲ್ಲ ಅವನಿಗೆ ಸಣ್ಣ ನಗು ಬರುತ್ತಿತ್ತು. ಕುಡಿದು ಬರುವ ಅಪ್ಪಂದಿರು, ಬೀಗ ಹಾಕಿಟ್ಟ ಟೀವಿ, ಅಜ್ಜಿಗೆ ಕೊಡದೆ ಮುಚ್ಚಿಟ್ಟ ತಿಂಡಿ, ಇಷ್ಟೆಲ್ಲ ಅವನ ಕಿವಿಯೊಳಗೆ ಬಂದು ಕೂತಿದ್ದವು. ಬಸ್ಸಿನಲ್ಲಿ ಯೂನಿಫಾರ್ಮಿನ ಮಕ್ಕಳನ್ನು ನೋಡಿದರೆ, ನಿಮ್ಮ ಮನೆ ಸುದ್ದಿ ನನಗೆ ಗೊತ್ತು ಎಂಬ ಗುಟ್ಟಿನ ಖುಷಿಯೊಂದು ಆಗುತ್ತಿತ್ತು. ಆಮೇಲೆ ನಾಚಿಕೆಯಾಗುತ್ತಿತ್ತು. ಮಗಳ ಶಾಲೆಯಿಂದ ಒಪ್ಪಿಗೆ ಪತ್ರ ಬಂದಾಗ ಅವನು ಓದದೇ ಸಹಿ ಮಾಡಿದ್ದ. ಕೆಳಗೆ ಮಗುವಿನ ಸಹಿಗೂ ಒಂದು ಗೆರೆ ಇತ್ತು. ಇದೇನಪ್ಪ ಎಂದು ಜ್ಯೋತ್ಸ್ನಾ ಕೇಳಿದ್ದಳು. ಸ್ಕೂಲಿನ ವಿಷಯ, ಬರಿ ಎಂದಿದ್ದ. ಅವಳು ತನ್ನ ಹೆಸರು ಬರೆಯುವಾಗ ‘ತ್ಸ್ನಾ’ದಲ್ಲಿ ಒಂದು ಒತ್ತು ಬಿಟ್ಟಿದ್ದಳು. ಅಳಿಸಿ ಮತ್ತೆ ಬರೆಸಿದ್ದ. ಎರಡನೇ ಸಲವೂ ತಪ್ಪಿ, ಮೂರನೇ ಸಲ ರಬ್ಬರು ತಿಕ್ಕಿ ತಿಕ್ಕಿ ಕಾಗದ ಅಲ್ಲಿ ತೆಳ್ಳಗಾಗಿ ಹರಿದಿತ್ತು. ಆ ಗಡಿಬಿಡಿಯಲ್ಲಿ ಅವಳು ಕೇಳಿದ ಪ್ರಶ್ನೆ ಮರೆತೇ ಹೋಗಿತ್ತು.

ಮತ್ತೆ ಗುಂಡಿ ಒತ್ತಿದ.

“ಮನೇಲಿ ನೀನು ಜಾಸ್ತಿ ಯಾರ ಹತ್ರ ಮಾತಾಡ್ತೀಯ?”

“ಅಮ್ಮನ ಹತ್ರ. ಅಪ್ಪ ಇಲ್ದೇ ಇದ್ದಾಗ.”

“ಅಪ್ಪ ಇದ್ದಾಗ?”

“ಇದ್ದಾಗ ಊಟಕ್ಕೆ ಬನ್ನಿ, ನೀರು ಬಂತು, ಅಂಥಾದ್ದು ಮಾತಾಡ್ತೀವಿ.”

ಆಮೇಲೆ ಹುಡುಗಿಯ ಮಾತು ಸಲೀಸಾಯಿತು. ಅಮ್ಮನಿಗೆ ಅವಳ ಊರಿನ ಭಾಷೆ ಬರುತ್ತದೆ, ಗದಗದ ಹತ್ತಿರದ ಹಳ್ಳಿಯದು, ನಾನೂ ಕಲಿತಿದೀನಿ. ಮಧ್ಯಾಹ್ನ ನಾನು ಸ್ಕೂಲಿಂದ ಬಂದ ಮೇಲೆ ಅಮ್ಮ ಪಕ್ಕದ ಮನೆಯವರ ಥರ, ಓನರ್ ಅಂಕಲ್ ಥರ ಮಾಡಿ ತೋರಿಸ್ತಾಳೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬರತ್ತೆ ಅವಳಿಗೆ. ಆಗ ನನ್ನ ತಂಗೆವ್ವ ಅಂತ ಕರೀತಾಳೆ. ಮೆಟ್ಟಿಲ ಮೇಲೆ ಅಪ್ಪನ ಚಪ್ಪಲಿ ಸದ್ದಾದರೆ ನಿಲ್ಲಿಸಿಬಿಡ್ತೀವಿ. ಅಪ್ಪ ಹೊಡೀತಾರಾ ಎಂದು ಮಧುಮತಿ ಕೇಳಿದರು. ಸೋಮನಾಥನ ಬೆನ್ನು ಕುರ್ಚಿಯಿಂದ ಮುಂದಕ್ಕೆ ಬಂತು.

“ಇಲ್ಲ. ಯಾವತ್ತೂ ಹೊಡೆದಿಲ್ಲ. ತಪ್ಪು ಹಿಡೀತಾರೆ. ಅವತ್ತು ಅಮ್ಮ, ನಮ್ಮವ್ವಗ ಆರಾಮಿಲ್ಲಂತ ಅಂತ ಅಳ್ತಾ ಹೇಳಿದ್ಲು. ಅವಾಗ್ಲೂ ಅಪ್ಪ ಮಧ್ಯದಲ್ಲಿ, ಅವ್ವಗ ಅಲ್ಲ, ಅಮ್ಮನಿಗೆ ಅಂದ್ರು. ಅಮ್ಮ ಅಮ್ಮನಿಗೆ ಅಂದ್ಲು. ಆಮೇಲೆ ಒಳಗೆ ಹೋದ್ಲು. ಅಪ್ಪ ಮನೇಲಿದ್ರೆ ಪರೀಕ್ಷೆ ನಡೀತಿದ್ದಂಗೆ ಇರತ್ತೆ ಆಂಟಿ. ಊರಿಗೆ ಹೋದ್ರೆ ನಮಗೆ ರಜ.”

ಅವನಿಗೆ ಮೊದಲು ಆದದ್ದು ದುಃಖವಲ್ಲ. ಮನೆಯೊಳಗೆ ಕಳ್ಳರು ಹೊಕ್ಕಿದ್ದಾರೆಂದು ಬಹಳ ವರ್ಷದ ಮೇಲೆ ತಿಳಿದವನಂತೆ ಮೈ ಬಿಸಿಯಾಯಿತು. ತಾನು ದಿನವೂ ಬೀಗ ತೆಗೆದು, ದೀಪ ಹಾಕಿ, ಇದು ನನ್ನ ಮನೆ ಎಂದು ಕೂತ ಜಾಗದಲ್ಲಿ ಇನ್ನೊಂದು ಮನೆ ಇತ್ತು, ಅದರಲ್ಲಿ ಇಬ್ಬರು ಇದ್ದರು, ತನಗೆ ಗೊತ್ತಾಗದ ಹಾಗೆ ಬದುಕಿದ್ದರು. ನಮ್ಮನೇಲಿ ಗಲಾಟೆ ಅನ್ನೋದೇ ಇಲ್ಲ ರೀ ಎಂದು ಪ್ರೆಸ್ಸಿನಲ್ಲಿ ಹೇಳಿಕೊಂಡು ತಿರುಗಿದ್ದ. ಅದನ್ನು ಕೇಳಿ ತಲೆಯಾಡಿಸಿದವರ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು. ಮದುವೆಯಾಗಿ ಬಂದ ವಾರ ರೇಷನ್ ಕಾರ್ಡಿನ ಅರ್ಜಿಯಲ್ಲಿ ಹೆಂಡತಿಯ ಹೆಸರು ಶಿವವ್ವ ಎಂಬುದನ್ನು ಶಿವಮ್ಮ ಎಂದು ತಿದ್ದಿದಾಗ ಅವಳು ನಕ್ಕಿದ್ದಳು. ನಕ್ಕಿದ್ದಳು ಎಂದೇ ಇಷ್ಟು ದಿನ ಅಂದುಕೊಂಡಿದ್ದ. ಈಗ ಆ ನಗುವನ್ನು ಕಣ್ಣ ಮುಂದೆ ತಂದುಕೊಂಡರೆ ತುಟಿ ಕಾಣುತ್ತಿತ್ತೇ ಹೊರತು ಕಣ್ಣು ಕಾಣುತ್ತಿರಲಿಲ್ಲ. ಅವಳ ಅವ್ವನ ಕಾಯಿಲೆಯ ದಿನ ತಾನು ಹಾಗೆ ಅಂದದ್ದು ಅವನಿಗೆ ನೆನಪೇ ಇರಲಿಲ್ಲ. ಮಗಳಿಗೆ ನೆನಪಿತ್ತು. ಅದನ್ನು ಅವಳು ತನಗೆ ಹೇಳದೆ ಧಾರವಾಡಕ್ಕೆ ಓಡಾಡುವ ಯಾವಳೋ ಹೆಂಗಸಿಗೆ ಹೇಳಿದ್ದಳು. ಆಂಟಿ ಎಂದು ಕರೆದು ಹೇಳಿದ್ದಳು.

ಬಿಳಿ ಹಾಳೆ ಎಳೆದುಕೊಂಡು ಬರೆಯಲು ಶುರುಮಾಡಿದ. ಮೊದಲ ಪುಟ ಕೇಳಿದ ಹಾಗೇ ಬಂತು. ಎರಡನೆಯದರಲ್ಲಿ ‘ನಿಲ್ಲಿಸಿಬಿಡ್ತೀವಿ’ ಎಂಬಲ್ಲಿ ಕೈ ನಿಂತಿತು. ಅದನ್ನು ಬಿಟ್ಟು ಮುಂದೆ ಹೋದ. ಬಿಟ್ಟ ಮೇಲೆ ಅದರ ಹಿಂದಿನ ವಾಕ್ಯ ಅರ್ಥವಾಗದಂತಾಯಿತು, ಅದನ್ನೂ ಸರಿಮಾಡಿದ. ಅಪ್ಪ ಮನೆಯಲ್ಲಿದ್ದರೆ ಓದಿಸುತ್ತಾರೆ. ಅಪ್ಪ ತಪ್ಪು ತಿದ್ದಿ ಹೇಳಿಕೊಡುತ್ತಾರೆ. ಇದು ಸುಳ್ಳೇನಲ್ಲ ಎಂದು ಅನ್ನಿಸಿತು. ಮಗು ಹೇಳಲು ಹೊರಟದ್ದು ಇದನ್ನೇ, ಮಾತು ಕೈಕೊಟ್ಟಿದೆ ಅಷ್ಟೆ. ಏಳೆಂಟು ಪುಟವಾಗಬೇಕಿದ್ದದ್ದು ಮೂರೂವರೆ ಪುಟಕ್ಕೆ ಮುಗಿಯಿತು. ಮೀನಾಕ್ಷಮ್ಮ ಮೆಟ್ಟಿಲು ಹತ್ತುವ ಸದ್ದು ಕೇಳಿಸಿದಾಗ ಹಾಳೆಗಳನ್ನು ಬಲಗಡೆಯ ಫೈಲಿಗೆ ಸೇರಿಸಿ, ಕ್ಯಾಸೆಟ್ಟನ್ನು ಮೂವತ್ತು ಮತ್ತು ಮೂವತ್ತೆರಡರ ನಡುವೆ ತಳ್ಳಿದ. ಬರೆದದ್ದು ಅಲ್ಲಿದ್ದರೆ ಇನ್ನು ಯಾರೂ ಆ ಕ್ಯಾಸೆಟ್ಟು ಹಾಕಿ ಕೇಳುವುದಿಲ್ಲ ಎಂಬುದಷ್ಟೇ ಆಗ ಅವನ ತಲೆಯಲ್ಲಿದ್ದದ್ದು. ಮಧುಮತಿ ಆ ಮಾತುಗಳನ್ನು ಎದುರಿಗೆ ಕೂತೇ ಕೇಳಿದ್ದರು ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಪದ್ಮನಾಭನಗರದ ಸ್ಟಾಪಿನಲ್ಲಿ ಇಳಿದು ಮನೆಯ ಗೇಟಿನ ಹತ್ತಿರ ಬಂದವನು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟ. ಅವನ್ನು ಕೈಯಲ್ಲಿ ಹಿಡಿದುಕೊಂಡ. ಬರಿಗಾಲಿಗೆ ಕಲ್ಲು ಇನ್ನೂ ಬಿಸಿಯಿತ್ತು. ಹತ್ತನೇ ಮೆಟ್ಟಿಲಿಗೆ ಹೆಂಡತಿಯ ದನಿ ಕೇಳಿಸಿತು. ಆಕಿ ಬಂದು ಕುಂತ್ಲಲ್ಲವಾ ತಂಗಿ, ಏಳಾಕ ವಲ್ಲಳು, ಚಾ ಕುಡದ್ಲು, ಮತ್ತೊಮ್ಮೆ ಕುಡದ್ಲು, ಆಮ್ಯಾಲೆ ಅಂತಾಳ, ಸಕ್ರಿ ಕಮ್ಮಿ ಆಗೇತಿ ಅಂತ. ಮಗಳು ನಕ್ಕಳು. ಅವಳೂ ನಕ್ಕಳು. ಹನ್ನೆರಡು ವರ್ಷ ಜೊತೆಗಿದ್ದ ಹೆಂಗಸಿನ ನಗು ಇಷ್ಟು ದಪ್ಪಗೆ, ಗಂಟಲ ಒಳಗಿನಿಂದ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೂ ನಗು ಬರುವಂತಾಯಿತು, ಸಕ್ಕರೆಯ ಮಾತಿಗೆ. ಅಷ್ಟರಲ್ಲಿ ಕೆಳಗಿನ ಮನೆಯ ಮಾಲೀಕರು, ಬದರಿನಾಥರು, ನೀರಿನ ಮೋಟರು ಹಾಕಲು ಹೊರಗೆ ಬಂದರು. ತಲೆಯೆತ್ತಿ, ಬರಿಗಾಲಲ್ಲಿ ಚಪ್ಪಲಿ ಹಿಡಿದು ಗೋಡೆಗೆ ಒತ್ತಿ ನಿಂತ ಬಾಡಿಗೆದಾರನನ್ನು ನೋಡಿದರು. “ಏನ್ ಸೋಮನಾಥ್, ಅಲ್ಲೇ ನಿಂತ್ಬಿಟ್ರಲ್ಲ? ಮನೇಲಿಲ್ವಾ?” ಎಂದು ಕೇಳಿದರು. ಮೇಲೆ ನಗು ನಿಂತಿತು. ಕಾಲಿಗೆ ಏನೋ ಚುಚ್ಚಿತು ಸಾರ್ ಎಂದು ಅವನು ಬಗ್ಗಿ ಹಿಮ್ಮಡಿ ನೋಡಿಕೊಂಡ. ಬಾಗಿಲು ತೆರೆದ ಶಿವಮ್ಮ, ಬಂದ್ರಾ, ಕಾಫಿ ಮಾಡ್ತೀನಿ ಎಂದಳು. ಒಂದಕ್ಷರವೂ ತಪ್ಪಿರಲಿಲ್ಲ. ಜ್ಯೋತ್ಸ್ನಾ ಪುಸ್ತಕ ತೆರೆದುಕೊಂಡು ಕೂತಿದ್ದಳು.

ಮರುದಿನ ಭಾನುವಾರ. ಮೈಗೆ ಹುಷಾರಿಲ್ಲವೆಂದು ಪಕ್ಕದ ಅಂಗಡಿಯಿಂದ ಮೀನಾಕ್ಷಮ್ಮನಿಗೆ ಫೋನು ಮಾಡಿ ಮನೆಯಲ್ಲೇ ಉಳಿದ. ಒಳ್ಳೆಯವನಾಗಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದ. ಅವರಾಗಿಯೇ ತನ್ನ ಮುಂದೆ ನಗಬೇಕು, ಅಷ್ಟೆ, ಅದಕ್ಕೆ ತಾನು ಏನಾದರೂ ಮಾಡಬೇಕು. ಮಧ್ಯಾಹ್ನ ಊಟಕ್ಕೆ ಕೂತಾಗ ಶಿವಮ್ಮನಿಗೆ, ನಿಮ್ಮೂರಿನ ಸುದ್ದಿ ಏನಾದರೂ ಹೇಳು, ನಿಮ್ಮ ಭಾಷೆಯಲ್ಲೇ ಹೇಳು ಎಂದ. ಅವಳು ಸಾರಿನ ಸೌಟು ಹಿಡಿದು ನಿಂತಳು. ಏನು ಹೇಳಲಿ ಎಂದಳು. ಏನಾದರೂ. ನಂಗೆ ಏನೂ ತೋಚ್ತಿಲ್ಲ ಎಂದಳು. ಅವನಿಗೆ ಕೋಪ ಬಂತು, ಬಂದದ್ದನ್ನು ನುಂಗಿದ, ನುಂಗಿದ್ದು ಬೇರೆ ದಾರಿಯಿಂದ ಹೊರಬಿತ್ತು.

“ಯಾಕೆ ತೋಚಲ್ಲ? ನಾನೇನು ತಪ್ಪು ಹಿಡೀತೀನಾ? ನಾನು ಮನೇಲಿದ್ರೆ ನಿಮಗೆಲ್ಲ ಪರೀಕ್ಷೆ ನಡೀತಿದ್ದಂಗಾ?”

ಶಿವಮ್ಮನಿಗೆ ಇದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಅವಳು ಬರೀ ಹೆದರಿದಳು. ಮಗಳ ಕೈ ಮಾತ್ರ ಅನ್ನದ ಮೇಲೆ ಹಾಗೇ ನಿಂತಿತ್ತು. ಅವಳು ತಟ್ಟೆಯನ್ನೇ ನೋಡುತ್ತಿದ್ದಳು, ಕಿವಿ ಕೆಂಪಾಗುತ್ತಾ ಬಂತು. ಶಿವಮ್ಮ ಮಜ್ಜಿಗೆ ತರಲು ಒಳಗೆ ಹೋದಾಗ ಮೆಲ್ಲಗೆ ಕೇಳಿದಳು.

“ಆ ಆಂಟಿ ಹೇಳಿದ್ರಾ?”

ಆಗ ಅವನು ಇಲ್ಲ ಎನ್ನಬಹುದಿತ್ತು. ಇಲ್ಲ ಎಂದಿದ್ದರೆ ಮತ್ತೆ ಯಾರು ಎಂದು ಅವಳು ಕೇಳುತ್ತಿದ್ದಳು. ಬೀರು, ಬೀಗದ ಕೈ, ಬಲಗಡೆಯ ಸಾಲು ಎಲ್ಲ ಆ ಒಂದು ಪ್ರಶ್ನೆಯ ಹಿಂದೆ ಸಾಲಾಗಿ ನಿಂತಿದ್ದವು. ಅವನು ತಲೆಯನ್ನು ಸ್ವಲ್ಪ ಕೆಳಗೆ ಮಾಡಿದ. ಅನ್ನ ಕಲಸಲು ಬಗ್ಗಿದ ಎಂದೂ ತಿಳಿಯಬಹುದಾಗಿತ್ತು. ಅವಳು ಹೌದು ಎಂದು ತಿಳಿದಳು. ಅವಳು ಹಾಗೆ ತಿಳಿದಳೆಂದು ಅವನಿಗೆ ಗೊತ್ತಾಯಿತು. ಇಬ್ಬರೂ ಮಜ್ಜಿಗೆ ಹಾಕಿಸಿಕೊಂಡು ಊಟ ಮುಗಿಸಿದರು.

ಎರಡು ವಾರದ ಮೇಲೆ ಮಧುಮತಿ ಪ್ರೆಸ್ಸಿಗೆ ಫೋನು ಮಾಡಿ ಕರೆಸಿಕೊಂಡರು. ಮೂವತ್ತು ದಾಟಿದ, ಸಣ್ಣಗಿನ ಹೆಂಗಸು; ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕುವುದು ಅವರ ಅಭ್ಯಾಸ. ಅವತ್ತು ಅವರ ಕೈಗಳು ಮೇಜಿನ ಮೇಲೆ ಸುಮ್ಮನಿದ್ದವು. ಎರಡನೇ ಸುತ್ತಿಗೆ ಶಾಲೆಗೆ ಹೋಗಿದ್ದೆ, ಐದನೇ ಕ್ಲಾಸಿನಲ್ಲಿ ಒಬ್ಬರೂ ಮಾತಾಡಲಿಲ್ಲ ಎಂದರು. ಹೋದ ಸಲ ಕೈ ಹಿಡಿದು ಎಳೆದುಕೊಂಡು ಹೋದ ಮಕ್ಕಳು ಈ ಸಲ ಎಲ್ಲ ಚೆನ್ನಾಗಿದೆ ಮಿಸ್, ಎಲ್ಲ ಚೆನ್ನಾಗಿದೆ ಮಿಸ್ ಎಂದು ಎದ್ದು ಹೋದರಂತೆ. ಒಬ್ಬ ಹುಡುಗ ಕೊನೆಗೆ ಹೇಳಿದನಂತೆ, ನೀವು ಮನೇಲಿ ಹೇಳ್ತೀರಂತೆ ಎಂದು. ಅವರು ವಾಪಸು ಬಂದು ಆ ಶಾಲೆಯ ಫೈಲು ತೆಗೆದಿದ್ದರು. ಹಾಳೆಗಳನ್ನು ಅವನ ಮುಂದೆ ಇಟ್ಟರು. ಕಾಗುಣಿತದ ತಪ್ಪಿಲ್ಲದ, ದುಂಡನೆಯ, ಪ್ರೆಸ್ಸಿನಲ್ಲಿ ಎಲ್ಲರೂ ಹೊಗಳುವ ಅವನ ಅಕ್ಷರ. ಅವನು ಕ್ಷಮೆ ಕೇಳಲು ಬಾಯಿ ತೆರೆದ. ಅವರು ಕೇಳಿಸಿಕೊಳ್ಳಲಿಲ್ಲ.

“ಕೆಲಸದಿಂದ ತೆಗೆಯೋದು ದೊಡ್ಡ ವಿಷಯ ಅಲ್ಲ, ಅದು ಆಗೋಯ್ತು ಅಂದ್ಕೊಳ್ಳಿ. ನಾನು ಹೇಳಲಿಲ್ಲ ಅನ್ನೋದನ್ನ ನಿಮ್ಮ ಮಗಳಿಗೆ ನೀವೇ ಹೇಳಬೇಕು. ನಾನು ಹೇಳಿದ್ರೆ ಅವಳು ನಂಬಲ್ಲ. ನಂಬಬೇಕಾಗೂ ಇಲ್ಲ.”

ಇದು ತನ್ನ ಮನೆಯ ವಿಷಯ ಎಂದು ಅವನಿಗೆ ಹೇಳಬೇಕೆನಿಸಿತು. ಅವಳ ಅಪ್ಪ ನಾನು, ಸಹಿ ಮಾಡಿದ್ದು ನಾನು. ಕಾಗದದಲ್ಲಿ ಎರಡು ಸಹಿ ಇದ್ದವು ಎಂಬುದು ನೆನಪಾಯಿತು. ಹೆಂಡತಿಗೆ ತಿಳಿಸುತ್ತೀರಾ ಎಂದು ಕೇಳಿದ. ಆ ಪ್ರಶ್ನೆ ತನ್ನ ಬಾಯಿಂದ ಬಂದ ರೀತಿಗೆ ಅವನಿಗೇ ಅಸಹ್ಯವಾಯಿತು. ಯಾರಿಗೆ ತಿಳಿಸಬೇಕು, ಕ್ಯಾಸೆಟ್ಟನ್ನ ಏನು ಮಾಡಬೇಕು, ಎರಡನ್ನೂ ನಿಮ್ಮ ಮಗಳನ್ನೇ ಕೇಳೋಣ, ಕರಕೊಂಡು ಬನ್ನಿ ಎಂದರು ಮಧುಮತಿ.

ಶನಿವಾರ ಅರ್ಧ ದಿನ ಶಾಲೆ. ಗೇಟಿನ ಹತ್ತಿರ ಅಪ್ಪ ನಿಂತದ್ದನ್ನು ಕಂಡು ಜ್ಯೋತ್ಸ್ನಾ ಗೆಳತಿಯ ಕೈ ಬಿಟ್ಟಳು. ಹತ್ತಿರದ ಪಾರ್ಕಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು, ನಡುವೆ ಅವಳ ಬ್ಯಾಗು. ಹೇಗೆ ಹೇಳಬೇಕೆಂದು ಅವನು ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದ. ಮೊದಲ ವಾಕ್ಯವೇ ಮುರಿಯಿತು. ಆ ಆಂಟಿ ಹೇಳಲಿಲ್ಲ, ನಾನು ಕದ್ದು ಕೇಳಿದೆ ಎಂದ. ಅಷ್ಟು ಹೇಳಿದ ಮೇಲೆ ಉಳಿದದ್ದೂ ಬಂತು, ಬರೆದದ್ದು, ಬಿಟ್ಟದ್ದು, ಬದಲಾಯಿಸಿದ್ದು, ಊಟದ ದಿನ ತಲೆ ಬಗ್ಗಿಸಿದ್ದು. ಅವಳು ಅಳುತ್ತಾಳೆಂದು ಕಾದ. ಅತ್ತರೆ ತಲೆ ಸವರಬಹುದು ಎಂದು ಕೈ ಸಿದ್ಧವಾಗಿಯೇ ಇತ್ತು. ಅವಳು ಅಳಲಿಲ್ಲ. ಯೋಚಿಸಿ ಯೋಚಿಸಿ ಕೇಳಿದಳು: “ನಾನು ಎಲ್ಲರಿಗೂ ಆ ಆಂಟಿ ಕೆಟ್ಟೋರು ಅಂತ ಹೇಳ್ಬಿಟ್ಟೆ. ನಿಮಗದು ಗೊತ್ತಿತ್ತಾ?” ಕ್ಲಾಸಿನಲ್ಲಿ ಹೇಳಿದ್ದು ತಿಳಿದಿರಲಿಲ್ಲ ಎಂದ. ಆ ಆಂಟಿನೇ ಹೇಳಿದ್ರು ಅಂತ ನಾನು ತಿಳ್ಕೊಂಡಿದ್ದು ಗೊತ್ತಿತ್ತಲ್ಲ ಎಂದಳು. ಹೌದು ಎಂದ. ಅಮ್ಮಂಗೆ ಗೊತ್ತಾ ಎಂದಳು. ಇಲ್ಲ. ಅವಳು ಎದ್ದು ಬ್ಯಾಗನ್ನು ತಾನೇ ಹೆಗಲಿಗೆ ಹಾಕಿಕೊಂಡಳು.

ಜಯನಗರದ ಕೋಣೆಯಲ್ಲಿ ಮಧುಮತಿ ಕುರ್ಚಿ ಬಿಟ್ಟು ಅವಳ ಎದುರಿಗೆ ಅಳುಕುತ್ತಾ ಸ್ಟೂಲಿನ ಮೇಲೆ ಕೂತರು. ಸೋಮನಾಥನಿಗೆ ಬಾಗಿಲ ಹತ್ತಿರ ಜಾಗ ತೋರಿಸಿದರು. ನಿನ್ನ ಅಪ್ಪನದು ಮಾತ್ರ ಅಲ್ಲ, ನನ್ನದೂ ತಪ್ಪಿದೆ ಎಂದು ಶುರುಮಾಡಿದರು.

“ನನಗೆ ಮಾತ್ರ ಗೊತ್ತಿರತ್ತೆ ಅಂದಿದ್ದೆ. ಬರೆಯೋರು ಕೇಳ್ತಾರೆ ಅನ್ನೋದನ್ನ ಹೇಳಲಿಲ್ಲ. ಹೇಳಿದ್ರೆ ನೀವ್ಯಾರೂ ಮಾತಾಡಲ್ಲ ಅಂತ ಹೆದರಿದ್ದೆ.”

“ಬರೆಯೋರು ಎಷ್ಟು ಜನ?”

“ಮೂರು ಜನ.”

ಹುಡುಗಿ ಲೆಕ್ಕ ಹಾಕುವವಳಂತೆ ಬೀರುವನ್ನು ನೋಡಿದಳು. ಎಲ್ಲರದೂ ಇಲ್ಲೇ ಇದೆಯಾ ಎಂದಳು. ಇದೆ ಎಂದರು. ಅವರನ್ನೂ ಕೇಳಿ, ಒಬ್ಬೊಬ್ಬರನ್ನೇ ಕೇಳಿ ಎಂದಳು. ಕೇಳ್ತೀನಿ ಎಂದು ಮಧುಮತಿ ಹೇಳಿದರು. ಅವರ ಎರಡು ವರ್ಷದ ಕೆಲಸ ಆ ಒಂದು ಮಾತಿಗೆ ಅಲುಗಾಡಿದ್ದು ಮುಖದಲ್ಲಿ ಕಂಡಿತು. ನಂದು ಅಳಿಸಿಬಿಡಿ ಎಂದಳು ಜ್ಯೋತ್ಸ್ನಾ. ಒಮ್ಮೆ ಕೇಳಬೇಕಾ ಎಂದದ್ದಕ್ಕೆ ಬೇಡ ಎಂದಳು. ಸಂಜೆ ಅಳಿಸಿಡ್ತೀನಿ ಎಂದದ್ದಕ್ಕೆ ಈಗಲೇ ಎಂದಳು.

ಅಳಿಸುವುದೆಂದರೆ ಕ್ಯಾಸೆಟ್ಟನ್ನು ಶುರುವಿಗೆ ತಿರುಗಿಸಿ ಅದರ ಮೇಲೆ ಹೊಸದಾಗಿ ರೆಕಾರ್ಡು ಮಾಡುವುದು. ಮಧುಮತಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರು. ಕೆಂಪು ದೀಪ ಹತ್ತಿತು. ಮಾತಾಡಿದರೆ ಅದೂ ಅದರಲ್ಲಿ ಸೇರುತ್ತದೆಂದು ಯಾರೂ ಮಾತಾಡಲಿಲ್ಲ. ನೀವು ಹೊರಗೆ ಹೋಗಿ ಎಂದು ಯಾರೂ ಅವನಿಗೆ ಹೇಳದ ಕಾರಣ ಅವನೂ ಕೂತ. ಮುಕ್ಕಾಲು ಗಂಟೆ. ಹೊರಗೆ ಬಸ್ಸೊಂದು ಹಾರ್ನ್ ಮಾಡಿತು, ಮೀನಾಕ್ಷಮ್ಮ ಬಾಗಿಲಲ್ಲಿ ಇಣುಕಿ ಕೈಸನ್ನೆಗೆ ವಾಪಸು ಹೋದರು, ಫ್ಯಾನು ಒಂದೇ ಸಮ ಕಿರುಗುಟ್ಟಿತು. ಹುಡುಗಿ ಕಣ್ಣು ತೆಗೆಯದೆ ಆ ಸಣ್ಣ ಕಿಟಕಿಯಲ್ಲಿ ತಿರುಗುವ ಎರಡು ಚಕ್ರಗಳನ್ನೇ ನೋಡುತ್ತಿದ್ದಳು. ಈಗ ಅಮ್ಮನ ಊರಿನ ಭಾಷೆ ಹೋಗಿರಬೇಕು, ಈಗ ತಂಗೆವ್ವ, ಈಗ ಪರೀಕ್ಷೆ ಎಂದು ಸೋಮನಾಥ ಒಳಗೊಳಗೇ ಎಣಿಸಿದ. ಆ ಮಾತುಗಳನ್ನು ಅವಳು ಹೇಳಿದ ಹಾಗೇ ಇಟ್ಟುಕೊಂಡಿರುವವನು ತಾನೊಬ್ಬನೇ ಆಗಿಬಿಡುತ್ತೇನೆ ಎಂದು ಹೊಳೆದು ಕುರ್ಚಿಯ ತೋಳು ಹಿಡಿದುಕೊಂಡ. ಅವನಿಗೆ ಕೂಗಿ ನಿಲ್ಲಿಸಬೇಕೆನಿಸಿತು. ಕೊನೆಗೆ ಗುಂಡಿ ತಾನಾಗಿಯೇ ಮೇಲಕ್ಕೆ ಹಾರಿತು. ಮಧುಮತಿ ಅವನು ಬರೆದಿದ್ದ ಹಾಳೆಗಳನ್ನೂ ಅವಳ ಕೈಗೆ ಕೊಟ್ಟರು. ಅವಳು ಓದಲಿಲ್ಲ. ನಾಲ್ಕಾಗಿ ಮಡಿಸಿ ಬುಟ್ಟಿಗೆ ಹಾಕಿ, ಥ್ಯಾಂಕ್ಸ್ ಆಂಟಿ, ಸೋಮವಾರ ನಾನೇ ಎಲ್ಲರಿಗೂ ಹೇಳ್ತೀನಿ ಎಂದಳು.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು. ಅವನು ಹಿಂದೆ ಕಂಬಿ ಹಿಡಿದು ನಿಂತ. ಎರಡು ಜಡೆ, ನಡುವಿನ ಬೈತಲೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಇನ್ನು ಮೇಲೆ ಯಾರ ಮಾತನ್ನೂ ತಿದ್ದುವುದಿಲ್ಲ ಎಂದು ಅವಳಿಗೆ ಹೇಳಬೇಕು, ಇಳಿದ ಕೂಡಲೇ ಹೇಳಬೇಕು ಎಂದುಕೊಂಡ. ಪದ್ಮನಾಭನಗರದಲ್ಲಿ ಇಳಿದಾಗ ಅವಳು ಅಂಗಡಿಯ ಮುಂದೆ ನಿಂತು ಅವನಿಗಾಗಿ ಕಾದಳು. ಹತ್ತಿರ ಬಂದಾಗ ಒಮ್ಮೆಯೂ ಕೆಮ್ಮದೆ, ಅವನ ಮುಖ ನೋಡಿ ಹೇಳಿದಳು:

“ಅಪ್ಪ, ನಾನು ಮುಂದೆ ಹೋಗುತ್ತೇನೆ. ತಾವು ನಿಧಾನವಾಗಿ ಬನ್ನಿ. ಅಮ್ಮನಿಗೆ ನಾನು ಏನನ್ನೂ ಹೇಳುವುದಿಲ್ಲ.”

ಹೇಳಿ, ಬ್ಯಾಗನ್ನು ಸರಿಮಾಡಿಕೊಂಡು ನಡೆದಳು. ಅವನು ಅಲ್ಲೇ ನಿಂತ. ಎಲ್ಲಿಯಾದರೂ ಒಂದು ಅಕ್ಷರ ಜಾರಿರಬೇಕು, ಒಂದು ಒತ್ತು ಬಿಟ್ಟುಹೋಗಿರಬೇಕು ಎಂದು ಆ ಮೂರು ವಾಕ್ಯಗಳನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಓದಿದ. ಅವಳು ತಿರುವು ದಾಟಿ ಮರೆಯಾಗುವವರೆಗೂ ಓದಿದ. ಎಲ್ಲ ಸರಿಯಾಗಿತ್ತು.